ಆ ಎರಡು ಅಂಗುಲ ಯಾರದು?

ಬಾಬಾಬುಡನ್‌ಗಿರಿಯಿಂದ ಇಳಿಯುವಾಗ ಮಂಜು ಕವಿದಿತ್ತು. ಎದುರಿನಿಂದ ಬಂದ ಜೀಪಿಗೆ ದಾರಿ ಬಿಡಲೆಂದು ಬೈಕನ್ನು ರಸ್ತೆಯ ಎಡ ಅಂಚಿಗೆ ತಂದು ನಿಲ್ಲಿಸಿದೆ. ಎಡಗಾಲು ಚಾಚಿದೆ. ಅಲ್ಲಿ ನೆಲವಿರಲಿಲ್ಲ. ಡಾಂಬರು ಮುಗಿದ ಕಡೆ ಮಣ್ಣು ಮಳೆಗೆ ಕೊಚ್ಚಿಹೋಗಿ ಮೂರು ಅಂಗುಲ ತಗ್ಗಾಗಿತ್ತು. ಉದ್ದ ಕಾಲಿನವರಿಗೆ ಅದು ಗಮನಕ್ಕೇ ಬಾರದ ತಗ್ಗು. ನನ್ನ ಬೂಟಿನ ತುದಿ ಗಾಳಿಯಲ್ಲಿ ನೆಲ ಹುಡುಕುತ್ತಿರುವಾಗಲೇ ಬೈಕು ವಾಲಲು ತೊಡಗಿತು. ನೆಲ ಸಿಕ್ಕುವ ಹೊತ್ತಿಗೆ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ನನ್ನ ಮೈಯಲ್ಲಿ ಇರಲಿಲ್ಲ. ತೋಟದ ಕೆಲಸ ಮುಗಿಸಿ ಬರುತ್ತಿದ್ದ ಇಬ್ಬರು ಹೆಂಗಸರು ಬುಟ್ಟಿ ಕೆಳಗಿಟ್ಟು ಬಂದು ಕೈಕೊಟ್ಟರು. ಮೂವರೂ ಸೇರಿ ಎತ್ತಿದೆವು. ಕ್ಲಚ್ ಲಿವರ್ ಬಾಗಿತ್ತು, ಮೊಣಕಾಲು ತರಚಿತ್ತು, ಬೇರೇನೂ ಆಗಿರಲಿಲ್ಲ. ಆದರೆ ಹಾಸನದವರೆಗಿನ ದಾರಿಯುದ್ದಕ್ಕೂ ಪ್ರತಿ ಬಾರಿ ನಿಲ್ಲಿಸಬೇಕಾಗಿ ಬಂದಾಗಲೂ ಹೊಟ್ಟೆಯೊಳಗೆ ಏನೋ ಬಿಗಿಯುತ್ತಿತ್ತು.

ನನ್ನ ಎತ್ತರ 154 ಸೆಂಟಿಮೀಟರ್, ತೂಕ 51 ಕಿಲೋ. ನನ್ನ ಬೈಕು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಸೀಟಿನ ಎತ್ತರ 800 ಮಿಲಿಮೀಟರ್. ಎಣ್ಣೆ, ಪೆಟ್ರೋಲ್ ಸೇರಿ ತೂಕ 199 ಕಿಲೋ. ಅಂದರೆ ನನ್ನಂಥ ನಾಲ್ವರ ಭಾರ. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವ ನನಗೆ ರಜೆ ಬಂತೆಂದರೆ ನಕ್ಷೆಯಲ್ಲಿ ತೋರಿಸಿದ್ದನ್ನು ಕಣ್ಣಾರೆ ಕಾಣುವ ಆಸೆ. ಘಟ್ಟ ಇಳಿದು ಕರಾವಳಿಗೆ, ಬಯಲುಸೀಮೆ ದಾಟಿ ಕೃಷ್ಣೆಯ ದಂಡೆಗೆ, ಡಾಂಬರು ಮುಗಿದ ಮೇಲೂ ಮುಂದುವರಿಯುವ ದಾರಿಗಳಿಗೆ ಹೋಗಬೇಕು. ಅದಕ್ಕೆ ತಕ್ಕ ವಾಹನವನ್ನೇ ಆರಿಸಿಕೊಂಡಿದ್ದೆ. ಆರಿಸಿದ್ದರಲ್ಲಿ ತಪ್ಪಿರಲಿಲ್ಲ ಎಂದು ಇಂದಿಗೂ ನಂಬುತ್ತೇನೆ. ಅದು ನನ್ನ ಅಳತೆಗೆ ಹೊಲಿದ ಬಟ್ಟೆಯಾಗಿರಲಿಲ್ಲ, ಅಷ್ಟೇ.

ಇಂಥ ಬೈಕುಗಳು ಎತ್ತರವಾಗಿರುವುದಕ್ಕೆ ಕಾರಣವಿದೆ. ಹಿಮಾಲಯನ್‌ನ ಮುಂದಿನ ಚಕ್ರ 21 ಅಂಗುಲದ್ದು. ಆ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಗಳ ಫೋರ್ಕು 200 ಮಿಲಿಮೀಟರ್ ಕುಗ್ಗುತ್ತದೆ, ಹಿಂದಿನ ಚಕ್ರ 180 ಮಿಲಿಮೀಟರ್ ಮೇಲೇರುತ್ತದೆ. ಹೊಟ್ಟೆಗೂ ನೆಲಕ್ಕೂ ನಡುವೆ 220 ಮಿಲಿಮೀಟರ್ ಅಂತರ. ಇವೆಲ್ಲ ಒಂದರ ಮೇಲೊಂದು ಕೂತ ಮೇಲೆ ಸೀಟು ಎಲ್ಲಿ ಬರಬೇಕೋ ಅಲ್ಲಿ ಬರುತ್ತದೆ. ಹಾಗೆ ನೋಡಿದರೆ ಈ ವರ್ಗದ ಬೈಕುಗಳಲ್ಲಿ 800 ಮಿಲಿಮೀಟರ್ ಕಡಿಮೆಯೇ. ಕೆಟಿಎಂ 390 ಅಡ್ವೆಂಚರ್ ಮೊದಲು ಬಂದಾಗ ಅದರ ಸೀಟು 855 ಮಿಲಿಮೀಟರ್ ಇತ್ತು. ನಮ್ಮ ದೇಶದ ಹೆಣ್ಣುಮಕ್ಕಳ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್ ಎಂಬುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ತಿಳಿದ ಸಂಗತಿ. ಆ ಲೆಕ್ಕದಲ್ಲಿ ನಾನು ಕುಳ್ಳಿಯಲ್ಲ. ಸರಾಸರಿಗಿಂತ ಎರಡು ಸೆಂಟಿಮೀಟರ್ ಹೆಚ್ಚೇ ಇದ್ದೇನೆ. ಬೈಕಿನ ಪಕ್ಕದಲ್ಲಿ ನಿಂತಾಗ ಮಾತ್ರ ಕುಳ್ಳಿಯಾಗುತ್ತೇನೆ. ಇದು ನನ್ನೊಬ್ಬಳ ಕೊರತೆಯಲ್ಲ, ಅರ್ಧ ದೇಶದ ಅಳತೆಯ ಪ್ರಶ್ನೆ ಎಂದು ಅರಿವಾದ ಮೇಲೆ ನನಗೆ ಧೈರ್ಯವೂ ಬಂತು, ಹಟವೂ ಬಂತು.

ಬಿದ್ದ ಮರುವಾರ ಒಂದು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ನನ್ನನ್ನೊಮ್ಮೆ, ಬೈಕನ್ನೊಮ್ಮೆ ನೋಡಿ, "ಲಿಂಕ್ ಬದಲಾಯಿಸಿಬಿಡೋಣ ಮೇಡಂ. ಒಂದು ಗಂಟೆಯ ಕೆಲಸ. ಎರಡೂ ಕಾಲು ಪೂರ್ತಿ ನೆಲಕ್ಕೆ ಊರುತ್ತವೆ" ಎಂದರು. ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿಗೂ ಶಾಕ್ ಅಬ್ಸಾರ್ಬರಿಗೂ ನಡುವೆ ಸನ್ನೆಗೋಲಿನಂಥ ಒಂದು ಜೋಡಣೆಯಿದೆ. ಅದರಲ್ಲಿರುವ ಪುಟ್ಟ ಪಟ್ಟಿಗಳನ್ನು ತೆಗೆದು ಸ್ವಲ್ಪ ಉದ್ದದ ಪಟ್ಟಿಗಳನ್ನು ಹಾಕಿದರೆ ಬೈಕಿನ ಬೆನ್ನು ಕುಸಿದು ಕೂರುತ್ತದೆ. ಪಟ್ಟಿಯಲ್ಲಿ ಕೆಲವೇ ಮಿಲಿಮೀಟರ್ ಹೆಚ್ಚಿದರೂ ಸೀಟಿನಲ್ಲಿ ಅದರ ಎರಡು ಮೂರು ಪಟ್ಟು ಇಳಿಯುತ್ತದೆ. ಸಂಜೆ ಬೈಕು ತೆಗೆದುಕೊಳ್ಳಲು ಹೋದಾಗ ಅದು 40 ಮಿಲಿಮೀಟರ್ ತಗ್ಗಿತ್ತು. ಹತ್ತಿ ಕೂತೆ. ಎರಡೂ ಪಾದಗಳ ಮುಂಭಾಗ ಗಟ್ಟಿಯಾಗಿ ಊರಿದವು. ಆ ಕ್ಷಣದ ಸಂತೋಷವನ್ನು ಈಗಲೂ ಮರೆತಿಲ್ಲ. ಕಣ್ಣಲ್ಲಿ ನೀರು ಬಂದಿತ್ತು.

ಆ ಸಂತೋಷಕ್ಕೆ ತೆತ್ತ ಬೆಲೆ ಒಂದೊಂದಾಗಿ ತಿಳಿಯುತ್ತ ಹೋಯಿತು. ಮೊದಲನೆಯದು ಮರುದಿನ ಬೆಳಗ್ಗೆಯೇ. ಬೈಕು ತಗ್ಗಿತ್ತು, ಸೈಡ್ ಸ್ಟ್ಯಾಂಡು ಮೊದಲಿನಷ್ಟೇ ಉದ್ದವಿತ್ತು. ಹಾಗಾಗಿ ಎಡಕ್ಕೆ ಒರಗಿ ನಿಲ್ಲಬೇಕಾದ ಬೈಕು ನೆಟ್ಟಗೆ ನಿಂತಿತ್ತು. ಅಂಗಳದಲ್ಲಿ ಆಡುತ್ತಿದ್ದ ಕರು ಮೈ ತಾಗಿಸಿದ್ದಕ್ಕೇ ಬಲಕ್ಕೆ ಉರುಳಿತು. ಕರು ಆ ಬದಿಯಲ್ಲಿರಲಿಲ್ಲ ಎಂಬುದೇ ನನ್ನ ಪುಣ್ಯ. ಸ್ಟ್ಯಾಂಡನ್ನು ಕತ್ತರಿಸಿ ವೆಲ್ಡ್ ಮಾಡಿಸಬೇಕಾಯಿತು. ಎರಡನೆಯದು ರಾತ್ರಿ ತಿಳಿಯಿತು. ಹಿಂಭಾಗ ಕೂತದ್ದರಿಂದ ಮೂತಿ ಮೇಲೆದ್ದು ಹೆಡ್‌ಲೈಟಿನ ಬೆಳಕು ರಸ್ತೆಯ ಬದಲು ತೆಂಗಿನ ಗರಿಗಳ ಮೇಲೆ ಬೀಳುತ್ತಿತ್ತು. ಮೂರನೆಯದನ್ನು ಅರ್ಥಮಾಡಿಕೊಳ್ಳಲು ಆಗುಂಬೆಗೆ ಹೋಗಬೇಕಾಯಿತು.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಹಿಂದೆಯೂ ಇಳಿದಿದ್ದೆ. ಈ ಸಲ ಪ್ರತಿ ತಿರುವಿನಲ್ಲೂ ಬೈಕನ್ನು ಬಲವಂತವಾಗಿ ತಿರುಗಿಸಬೇಕಾಯಿತು. ಹಿಂಭಾಗವನ್ನಷ್ಟೇ ಇಳಿಸಿದಾಗ ಮುಂದಿನ ಫೋರ್ಕು ಇನ್ನಷ್ಟು ಓರೆಯಾಗಿ ಚಾಚಿಕೊಳ್ಳುತ್ತದೆ. ಹಾಗೆ ಚಾಚಿದ ಚಕ್ರಕ್ಕೆ ನೇರ ದಾರಿ ಇಷ್ಟ, ತಿರುವು ಕಷ್ಟ. ಫೋರ್ಕಿನ ಕೊಳವೆಗಳನ್ನು ಹಿಡಿತದ ಬೋಲ್ಟು ಸಡಿಲಿಸಿ ಅಷ್ಟೇ ಪ್ರಮಾಣದಲ್ಲಿ ಮೇಲಕ್ಕೆ ಜಾರಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ನನ್ನ ಬೈಕಿನಲ್ಲಿ ಯಾರೂ ಅದನ್ನು ಮಾಡಿರಲಿಲ್ಲ, ಕೇಳಬೇಕೆಂಬುದು ನನಗೂ ಗೊತ್ತಿರಲಿಲ್ಲ. ಆದರೆ ಹಾಗೆ ಮಾಡಿದರೂ ಇನ್ನೊಂದು ಲೆಕ್ಕ ಬಾಕಿ ಉಳಿಯುತ್ತದೆ: ನೆಲದ ಲೆಕ್ಕ.

ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ರಸ್ತೆಯುಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂಥ ಉಬ್ಬಿನ ಮೇಲೆ ಯಾವ ಬೈಕೂ ಹಡಗಿನಂತೆ ತೇಲಿಹೋಗುತ್ತದೆ. ನಮ್ಮ ಊರುಗಳ ಮುಂದಿರುವ ಉಬ್ಬುಗಳನ್ನು ಕಟ್ಟಿದವರು ಆ ನಿಯಮ ಓದಿದವರಲ್ಲ, ಅಪಘಾತ ಕಂಡು ಹೆದರಿದವರು. ಅವು ಗೋಡೆಯಂತೆ ನಿಂತಿರುತ್ತವೆ. ತೀರ್ಥಹಳ್ಳಿ ಕಡೆಯಿಂದ ಮರಳುವಾಗ ಅಂಥ ಒಂದು ಉಬ್ಬಿನ ಮೇಲೆ ಬೈಕಿನ ಹೊಟ್ಟೆ ಕೆರೆದ ಶಬ್ದ ನನ್ನ ಹಲ್ಲಿನವರೆಗೂ ಮುಟ್ಟಿತು. ಮನೆಗೆ ಬಂದು ಹಿಂದಿನ ಮಡ್‌ಗಾರ್ಡಿನ ಒಳಗೆ ಟಾರ್ಚು ಹಿಡಿದು ನೋಡಿದರೆ ಟೈರು ಉಜ್ಜಿದ ಕಪ್ಪು ಗೆರೆಗಳು. ಕಾರಣ ಸರಳ. ಪಟ್ಟಿ ಬದಲಿಸಿದಾಗ ಚಕ್ರ ಮೇಲೇರುವ ದೂರ ಕಡಿಮೆಯಾಗುವುದಿಲ್ಲ. ಏರಲು ಶುರುಮಾಡುವ ಜಾಗವೇ ಮೇಲಿರುತ್ತದೆ. ಸಾಮಾನು ಹೇರಿಕೊಂಡು ಗುಂಡಿಗೆ ಬಿದ್ದರೆ ಅದು ಮಡ್‌ಗಾರ್ಡಿಗೇ ಬಡಿಯಬೇಕು.

ಕೊನೆಯ ಪಾಠ ಕಲಿಸಿದ್ದು ಒಂದು ಪಂಕ್ಚರ್. ಈ ಬೈಕಿನದು ಕಡ್ಡಿಚಕ್ರ, ಒಳಗೆ ಟ್ಯೂಬು. ಪಂಕ್ಚರ್ ಆದರೆ ಚಕ್ರ ಬಿಚ್ಚಲೇಬೇಕು, ಬಿಚ್ಚಬೇಕಾದರೆ ಡಬಲ್ ಸ್ಟ್ಯಾಂಡು ಹಾಕಲೇಬೇಕು. ಕೊಟ್ಟಿಗೆಹಾರದ ಹತ್ತಿರ ಮಧ್ಯಾಹ್ನದ ಹೊತ್ತು, ತಗ್ಗಿದ ಬೈಕನ್ನು ಮೊದಲಿನಷ್ಟೇ ಎತ್ತರದ ಸ್ಟ್ಯಾಂಡಿನ ಮೇಲೆ ಏರಿಸಲು ನಾನು ಹನ್ನೆರಡು ಸಲ ಪ್ರಯತ್ನಿಸಿದೆ. ಮೊದಲು ಇಡೀ ಮೈಭಾರ ಸ್ಟ್ಯಾಂಡಿನ ಕೊಕ್ಕೆಯ ಮೇಲೆ ಬಿಟ್ಟರೆ ಏರುತ್ತಿದ್ದ ಬೈಕು ಈಗ 40 ಮಿಲಿಮೀಟರ್ ಹೆಚ್ಚು ಏರಬೇಕಿತ್ತು. ಏರಲಿಲ್ಲ. ಒಬ್ಬಳೇ ಹೋಗಿ ಒಬ್ಬಳೇ ಬರಬೇಕೆಂದು ಕೊಂಡ ಬೈಕನ್ನು ನಾನೇ ಇನ್ನೊಬ್ಬರ ಸಹಾಯಕ್ಕೆ ಕಾಯುವ ಬೈಕನ್ನಾಗಿ ಮಾಡಿಕೊಂಡಿದ್ದೆ. ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕೂತು ಯೋಚಿಸುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಆ 40 ಮಿಲಿಮೀಟರನ್ನು ನಾನು ಬೈಕಿನಿಂದ ತೆಗೆದದ್ದಲ್ಲ, ರಸ್ತೆಯಿಂದ ತೆಗೆದದ್ದು. ಗುಂಡಿಗೂ ಉಬ್ಬಿಗೂ ತಿರುವಿಗೂ ಸಲ್ಲಬೇಕಾದ ಪಾಲು ಅದು. ನನಗೆ ಬೇಕಾದದ್ದು ಎರಡು ಅಂಗುಲ ನಿಜ. ಯಾರ ಪಾಲಿನಿಂದ ತೆಗೆಯಬೇಕು ಎಂದು ನಾನು ಕೇಳಿಕೊಂಡೇ ಇರಲಿಲ್ಲ.

ಹಳೆಯ ಪಟ್ಟಿಗಳನ್ನೇ ಮರಳಿ ಹಾಕಿಸಿದೆ. ಸ್ಟ್ಯಾಂಡಿಗೂ ಮೊದಲಿನ ಉದ್ದ ಕೊಡಿಸಿದೆ. ಮತ್ತೆ ಮೊದಲಿನಿಂದ, ಈ ಸಲ ಅಳತೆಯಿಂದ ಶುರುಮಾಡಿದೆ.

ಅಂಗಿ ಹೊಲಿಸಲು ಹೋದರೂ ಟೇಪು ಹಿಡಿಯುತ್ತಾರೆ, ಎರಡು ಕ್ವಿಂಟಾಲ್ ಯಂತ್ರಕ್ಕೆ ಮೈಯನ್ನು ಒಪ್ಪಿಸುವಾಗ ಯಾರೂ ಹಿಡಿಯುವುದಿಲ್ಲ. ಗೋಡೆಗೆ ಬೆನ್ನು ಹಚ್ಚಿ, ದಪ್ಪ ನಿಘಂಟೊಂದನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿಗೆ ಪೆನ್ಸಿಲ್ ಗುರುತು ಹಾಕಿದೆ. ನೆಲದಿಂದ 70 ಸೆಂಟಿಮೀಟರ್. ಅದು ನನ್ನ ಒಳಗಾಲಿನ ಉದ್ದ. ಇದನ್ನು ಸೀಟಿನ ಎತ್ತರದೊಂದಿಗೆ ಹೋಲಿಸಿ ಕೈಬಿಡುವವರೇ ಹೆಚ್ಚು. ಆದರೆ ಕಾಲು ಸೀಟಿನ ನಡುಮಧ್ಯದಿಂದ ನೇರವಾಗಿ ಕೆಳಗಿಳಿಯುವುದಿಲ್ಲ. ಸೀಟಿನ ಅಗಲವನ್ನು ಸುತ್ತಿಕೊಂಡು ಇಳಿಯುತ್ತದೆ. ಅಗಲ ಸೀಟಿನ 780 ಮಿಲಿಮೀಟರಿಗಿಂತ ಕಿರಿದಾದ ಸೀಟಿನ 810 ಮಿಲಿಮೀಟರ್ ಎಷ್ಟೋ ವೇಳೆ ಸುಲಭ. ಬಿಎಂಡಬ್ಲ್ಯೂ ತನ್ನ ಬೈಕುಗಳ ವಿವರಪಟ್ಟಿಯಲ್ಲಿ ಸೀಟಿನ ಎತ್ತರದ ಪಕ್ಕದಲ್ಲೇ ಈ ಸುತ್ತಳತೆಯನ್ನೂ ಕೊಡುತ್ತದೆ. ಎಲ್ಲ ಕಂಪನಿಗಳೂ ಕೊಡಬೇಕು. ಕೊಡದಿದ್ದರೆ ಒಂದು ದಾರ ಸಾಕು. ಎಡಪಾದದಿಂದ ಹೊರಟು, ಒಳತೊಡೆಯ ದಾರಿಯಲ್ಲಿ ಸೀಟಿನ ಮೇಲೆ ಹಾದು, ಬಲಪಾದದ ನೆಲಕ್ಕೆ ದಾರ ಹಿಡಿದು ಗಂಟು ಹಾಕಿದೆ. ಆ ದಾರವನ್ನು ಎಷ್ಟು ಗಿಡ್ಡ ಮಾಡಬಲ್ಲೆ ಎಂಬುದೇ ನನ್ನ ಪ್ರಶ್ನೆಯಾಯಿತು. ಆಮೇಲೆ ಎತ್ತರದ ಮಾತನ್ನೇ ಬಿಟ್ಟುಬಿಟ್ಟೆ.

ಎರಡೂ ಪಾದ ಪೂರ್ತಿ ಊರಲೇಬೇಕೆ ಎಂಬುದನ್ನೂ ಕೂತು ಯೋಚಿಸಿದೆ. ನೆಟ್ಟಗೆ ನಿಂತ ಬೈಕಿಗೆ ಭಾರವೇ ಇಲ್ಲ, ಎರಡು ಬೆರಳಿನಿಂದ ಹಿಡಿದು ನಿಲ್ಲಿಸಬಹುದು. ವಾಲಿದಾಗ ಮಾತ್ರ ಭಾರ. ಗುರುತ್ವಕೇಂದ್ರ ಹ್ಯಾಂಡಲ್‌ನ ಅರ್ಧ ಎತ್ತರದಲ್ಲಿದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. 5 ಡಿಗ್ರಿ ವಾಲಿದರೆ ಹ್ಯಾಂಡಲ್ ಹಿಡಿದ ಕೈಗೆ ಬರುವುದು ಒಂಬತ್ತು ಕಿಲೋ ಭಾರ. 10 ಡಿಗ್ರಿಗೆ ಹದಿನೇಳು ಕಿಲೋ. 20 ಡಿಗ್ರಿಗೆ ಮೂವತ್ತನಾಲ್ಕು. ಒಂಬತ್ತು ಕಿಲೋ ಎಂದರೆ ಸಂತೆಯಿಂದ ತರುವ ಚೀಲ, ನನಗೆ ಲೆಕ್ಕಕ್ಕಿಲ್ಲ. ಮೂವತ್ತನಾಲ್ಕು ಕಿಲೋವನ್ನು ಒಂದೇ ಕಾಲಿನ ಮೇಲೆ ನಿಂತು ತಡೆಯುವುದು ನನ್ನಿಂದಾಗದು. ಆದ್ದರಿಂದ ನನಗೆ ಬೇಕಾದದ್ದು ಎರಡೂ ಪಾದಗಳಲ್ಲ. ಬೈಕು ಐದಾರು ಡಿಗ್ರಿಗಿಂತ ಹೆಚ್ಚು ವಾಲುವ ಮೊದಲೇ ಒಂದು ಪಾದದ ಗಟ್ಟಿ ಅರ್ಧ ನೆಲ ಮುಟ್ಟಬೇಕು. ಬಾಬಾಬುಡನ್‌ಗಿರಿಯ ಆ ಮೂರು ಅಂಗುಲದ ತಗ್ಗು ಕಸಿದದ್ದು ಇದನ್ನೇ.

ಮರುಭೂಮಿ ರ್‍ಯಾಲಿಗಳ ಬೈಕುಗಳಲ್ಲಿ ಸೀಟು 900 ಮಿಲಿಮೀಟರಿಗೂ ಮೇಲಿರುತ್ತದೆ. ಅಂಥ ದಾರಿಗಳಲ್ಲಿ ನಡೆಯುವ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು 2019ರಲ್ಲಿ ಗೆದ್ದವರು ನಮ್ಮ ಬೆಂಗಳೂರಿನ ಐಶ್ವರ್ಯ ಪಿಸ್ಸೆ. 160 ಸೆಂಟಿಮೀಟರ್ ಆಸುಪಾಸಿನ ಸ್ಪೇನಿನ ಡಾನಿ ಪೆಡ್ರೋಸಾ ಬೈಕ್ ರೇಸಿನ ಸಣ್ಣ ಇಂಜಿನ್ ವಿಭಾಗಗಳಲ್ಲಿ ಮೂರು ವಿಶ್ವ ಪ್ರಶಸ್ತಿ ಗೆದ್ದು, ಮೋಟೋಜಿಪಿಯ ದೊಡ್ಡ ಬೈಕಿನಲ್ಲೂ ಹಲವು ಪಂದ್ಯ ಗೆದ್ದವರು. ಸಣ್ಣ ಮೈ ದೊಡ್ಡ ಬೈಕನ್ನು ಓಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಪಂದ್ಯದ ಬೈಕು ನಿಂತಾಗ ಹಿಡಿಯಲು ಜನರಿರುತ್ತಾರೆ. ಪ್ರವಾಸಿಯ ಬೈಕು ದಿನಕ್ಕೆ ನೂರು ಸಲ ನಿಲ್ಲುತ್ತದೆ, ಹಿಂದಕ್ಕೆ ಸರಿಯುತ್ತದೆ, ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ ತಿರುಗುತ್ತದೆ. ಓಡಿಸುವ ಪ್ರಶ್ನೆಗಿಂತ ನಿಲ್ಲಿಸುವ ಪ್ರಶ್ನೆಯೇ ನಮಗೆ ದೊಡ್ಡದು.

ಮೊದಲ 12 ಮಿಲಿಮೀಟರ್ ಖರ್ಚಿಲ್ಲದೆ ಸಿಕ್ಕಿತು. ಬೈಕಿನ ಸ್ಪ್ರಿಂಗು ಸವಾರನ ಭಾರಕ್ಕೆ ಸ್ವಲ್ಪ ಕುಸಿದು ಕೂರಬೇಕು. ಒಟ್ಟು ಚಲನೆಯ ಮೂರನೇ ಒಂದು ಭಾಗದಷ್ಟು ಕುಸಿತ ಒಳ್ಳೆಯದು ಎಂಬುದು ಹಳಬರ ಲೆಕ್ಕ. ಕುಳ್ಳಗಿರುವವರು ಬಹುತೇಕ ಹಗುರವಾಗಿಯೂ ಇರುತ್ತಾರೆ. ನನ್ನ 51 ಕಿಲೋಗೆ ಆ ಸ್ಪ್ರಿಂಗು ಕುಸಿಯುವುದೇ ಕಡಿಮೆ. ಅಂದರೆ 80 ಕಿಲೋ ತೂಗುವ ಎತ್ತರದ ವ್ಯಕ್ತಿ ಕೂತಾಗ ಇರುವುದಕ್ಕಿಂತ ನಾನು ಕೂತಾಗ ಅದೇ ಬೈಕು ಹೆಚ್ಚು ಎತ್ತರ! ಅಂಗಡಿಯಿಂದ ಬಂದಾಗಿನ ಬಿಗಿತದಲ್ಲಿ ನಾನು ಕೂತರೆ ಹಿಂಭಾಗ ಕುಸಿಯುತ್ತಿದ್ದದ್ದು 38 ಮಿಲಿಮೀಟರ್. ಸ್ಪ್ರಿಂಗನ್ನು ಬಿಗಿ ಹಿಡಿದಿರುವ ಶಾಕ್‌ನ ಉಂಗುರವನ್ನು ಸಿ ಆಕಾರದ ಸ್ಪ್ಯಾನರಿನಿಂದ ಸಡಿಲಿಸಿದ ಮೇಲೆ 50. ಸಾಮಾನು ಹೇರಿದ ದಿನ ಮತ್ತೆ ಬಿಗಿ ಮಾಡುತ್ತೇನೆ, ಆಗಲೂ ಕುಸಿತ ಅಷ್ಟೇ ಇರುತ್ತದೆ. ಇದು ರಸ್ತೆಯ ಪಾಲಿನಿಂದ ಕಸಿದದ್ದಲ್ಲ. ನನಗೆ ಸಲ್ಲಬೇಕಿದ್ದ ಪಾಲು, ಯಾರೂ ಕೊಟ್ಟಿರಲಿಲ್ಲ.

ಉಳಿದದ್ದು ಸೀಟಿನಲ್ಲಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಮಾಡಿಸಿಕೊಂಡು ಬಾ ಎಂದು ಗೆಳತಿಯರು ಹೇಳಿದರು. ಅಲ್ಲಿ ಸೀಟಿನ ಕೆಲಸದವರಿಗೆ ಕೊರತೆಯಿಲ್ಲ. ಆದರೆ ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸ ಇದಲ್ಲ ಎಂದು ನನಗೆ ಅನ್ನಿಸಿತ್ತು. ನಮ್ಮೂರಲ್ಲೇ ಆಟೋಗಳಿಗೆ ಸೀಟು ಹೊಲಿಯುವ ಒಂದು ಅಂಗಡಿಯಿದೆ. ನಲವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿರುವ ಹಿರಿಯರು. ಎಲ್ಲರೂ ಅವರನ್ನು ಭಾಯಿ ಎನ್ನುತ್ತಾರೆ. ಹಿಮಾಲಯನ್‌ನ ಸೀಟು ಎರಡು ತುಂಡಿನದು. ಸವಾರನ ತುಂಡನ್ನಷ್ಟೇ ಬಿಚ್ಚಿಕೊಂಡು ಹೋದೆ. ಅವರು ಅದನ್ನು ಮುಟ್ಟಲಿಲ್ಲ. "ಬೈಕನ್ನೇ ತನ್ನಿ ಮೇಡಂ. ನೀವು ಕೂತದ್ದನ್ನು ನೋಡದೆ ಕತ್ತರಿ ಹಾಕುವುದಿಲ್ಲ" ಎಂದರು. ಆ ಮಾತಿಗೇ ನನಗೆ ನಂಬಿಕೆ ಬಂತು.

ಬೈಕು ತಂದೆ. ಅವರು ಎದುರು ಕುಕ್ಕರುಗಾಲಿನಲ್ಲಿ ಕೂತು ನನ್ನ ತೊಡೆ ಸೀಟಿಗೆ ಎಲ್ಲಿ ಒತ್ತುತ್ತದೆ ಎಂದು ಸೀಮೆಸುಣ್ಣದಲ್ಲಿ ಎರಡೂ ಬದಿ ಗೆರೆ ಎಳೆಸಿದರು. ಗೆರೆ ಎಳೆದದ್ದು ಅವರ ಮೊಮ್ಮಗಳು. ಆಮೇಲೆ ರೆಕ್ಸಿನ್ ಬಿಚ್ಚಿ ಸ್ಪಂಜು ಹೊರತೆಗೆದರು. ಎಲ್ಲರೂ ಮೊದಲು ಮೇಲಿನಿಂದ ಕತ್ತರಿಸುತ್ತಾರೆ, ಅದು ತಪ್ಪು ಎಂದು ಅವರ ಅಭಿಪ್ರಾಯ. ಅವರು ಮೊದಲು ಕತ್ತರಿಸಿದ್ದು ಬದಿಗಳನ್ನು, ಟ್ಯಾಂಕಿಗೆ ತಾಗುವ ಮೂಗಿನಿಂದ ಹಿಂದಕ್ಕೆ ಒಂದು ಗೇಣಿನಷ್ಟು. ಬ್ರೆಡ್ಡಿನ ಅಂಚನ್ನು ಓರೆಯಾಗಿ ಕೊಯ್ದ ಹಾಗೆ. ನಿಲ್ಲಿಸುವಾಗ ಸವಾರ ಹೇಗೂ ಮುಂದಕ್ಕೆ ಜಾರುತ್ತಾನೆ, ಅಲ್ಲಿ ಸೀಟು ಕಿರಿದಾಗಿದ್ದರೆ ಸಾಕು. ಓಡಿಸುವಾಗ ಕೂರುವ ಜಾಗ ಅಗಲವಾಗಿಯೇ ಇರಲಿ, ಇಲ್ಲದಿದ್ದರೆ ಎರಡು ಗಂಟೆಯಲ್ಲಿ ಮೂಳೆ ನೋಯುತ್ತದೆ. ಇಷ್ಟಕ್ಕೇ ನನ್ನ ದಾರದಲ್ಲಿ ಮೂರು ಸೆಂಟಿಮೀಟರ್ ಉಳಿಯಿತು. ಸೀಟಿನ ಎತ್ತರ ಒಂದು ಕೂದಲೆಳೆಯೂ ಇಳಿದಿರಲಿಲ್ಲ.

ನಂತರ ಮೇಲ್ಭಾಗ. ನಾನು ಆಸೆಬುರುಕಿ, 40 ಮಿಲಿಮೀಟರ್ ತೆಗೆಯಿರಿ ಎಂದೆ. "ಕೆಳಗೆ ಪ್ಲಾಸ್ಟಿಕ್ ಹಲಗೆಯಿದೆ ಅಮ್ಮ. ಅಷ್ಟು ತೆಗೆದರೆ ನಿಮ್ಮ ಬೆನ್ನು ಅದರ ಮೇಲೆ ಕೂರುತ್ತದೆ" ಎಂದು ಅವರು ಸುತಾರಾಂ ಒಪ್ಪಲಿಲ್ಲ. ಮೇಡಂ ಹೋಗಿ ಅಮ್ಮ ಆಗಿದ್ದೆ. ಕೊನೆಗೆ 35ಕ್ಕೆ ಒಪ್ಪಿದರು. ತೆಗೆದದ್ದರ ಬದಲಿಗೆ ಮೇಲೊಂದು ತೆಳುವಾದ, ಗಟ್ಟಿಯಾದ ಸ್ಪಂಜಿನ ಹಾಳೆ ಅಂಟಿಸಿದರು. ಮೆತ್ತನೆಯ ಸ್ಪಂಜು ಕೈಗೆ ಹಿತ, ಮೈಭಾರಕ್ಕೆ ಬೇಗ ಚಪ್ಪಟೆ. ಗಟ್ಟಿ ಸ್ಪಂಜು ಮೊದಲ ಹತ್ತು ನಿಮಿಷ ಕಲ್ಲು, ಐದನೆಯ ಗಂಟೆಯಲ್ಲಿ ನೆಂಟ. ಅವರ ಭಯ ಸುಳ್ಳಾಗಲಿಲ್ಲ. ಹಾಸನದಿಂದ ಹಂಪಿಗೆ ಹೋಗುವ ದಾರಿಯಲ್ಲಿ ಹೊಳಲ್ಕೆರೆ ದಾಟುವಷ್ಟರಲ್ಲಿ ಬೆನ್ನಿನ ಬುಡದ ಮೂಳೆ ಕೂಗತೊಡಗಿತು. ಮರಳಿ ಬಂದು ಅವರ ಮುಂದೆ ನಿಂತೆ. ಅವರು ಒಂದು ಮಾತೂ ಆಡದೆ ಹೊಲಿಗೆ ಬಿಚ್ಚಿ, ಹಿಂಭಾಗಕ್ಕೆ ಒಂದಿಷ್ಟು ಸೇರಿಸಿ, ಮೂಳೆ ತಾಗುವಲ್ಲಿ ಸಣ್ಣ ಕುಳಿ ಮಾಡಿದರು. ಈಗ ಲೆಕ್ಕಕ್ಕೆ ಸಿಗುವುದು 28 ಮಿಲಿಮೀಟರ್. ಎಡಪಾದ ಊರಿದರೆ ಬೆರಳುಗಳಷ್ಟೇ ಅಲ್ಲ, ಪಾದದ ದಿಬ್ಬವೂ ನೆಲದ ಮೇಲಿರುತ್ತದೆ.

ಇನ್ನು 12 ಮಿಲಿಮೀಟರನ್ನು ಬೂಟಿಗೆ ಸೇರಿಸಿದೆ. ಬಸ್ ನಿಲ್ದಾಣದ ಪಕ್ಕ ಪಾದರಕ್ಷೆ ಹೊಲಿಯುವವರು ಲಾರಿ ಟೈರಿನ ರಬ್ಬರಿನಿಂದ ಅಡಿ ಕಟ್ಟಿ, ಅಂಟಿನ ಜೊತೆ ಹೊಲಿಗೆಯನ್ನೂ ಹಾಕಿಕೊಟ್ಟರು. ಅಡಿ ದಪ್ಪವಾದಾಗ ಬೂಟು ಗೇರ್ ಲಿವರಿನ ಕೆಳಗೆ ನುಗ್ಗುವುದಿಲ್ಲ. ಲಿವರನ್ನು ಅದರ ಹಲ್ಲಿನ ಮೇಲೆ ಒಂದು ಹೆಜ್ಜೆ ಮೇಲಕ್ಕೆ ಕೂರಿಸಬೇಕು. ಇದಕ್ಕಿಂತ ದಪ್ಪ ಅಡಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಕಲ್ಲಿನ ಮೇಲೆ ಕಾಲಿಟ್ಟಾಗ ಪಾದಕ್ಕೆ ನೆಲದ ಸುಳಿವು ಸಿಗದಿದ್ದರೆ ಕಣಕಾಲು ಹೊರಳುತ್ತದೆ.

ಕಾಲಿನ ಚಿಂತೆಯಲ್ಲಿ ಕೈಯನ್ನು ಮರೆಯುತ್ತೇವೆ. ನಾನು ಬಿದ್ದ ನಾಲ್ಕು ಸಲಗಳಲ್ಲಿ ಎರಡು ಸಲ ಬಿದ್ದದ್ದು ಕಿರಿದಾದ ಜಾಗದಲ್ಲಿ ಪೂರ್ತಿ ತಿರುಗಿಸುವಾಗ. ಹ್ಯಾಂಡಲ್ ಕೊನೆಯವರೆಗೆ ತಿರುಗಿದಾಗ ಹೊರಬದಿಯ ಕೈ ಚಾಚಬೇಕು. ತೋಳು ಗಿಡ್ಡವಾದರೆ ಮೈಯೇ ಆ ಕಡೆ ಎಳೆದುಹೋಗಿ ಕ್ಲಚ್ ಬೆರಳಿನಿಂದ ಜಾರುತ್ತದೆ, ಇಂಜಿನ್ ಆರುತ್ತದೆ, ಬೈಕು ಬೀಳುತ್ತದೆ. ಹ್ಯಾಂಡಲನ್ನು ಅದರ ಹಿಡಿತದಲ್ಲಿ ಸ್ವಲ್ಪ ನನ್ನ ಕಡೆ ಹೊರಳಿಸಿ, ಕೆಳಗೆ ಲೋಹದ ತುಂಡು ಕೊಟ್ಟು 25 ಮಿಲಿಮೀಟರ್ ಹಿಂದಕ್ಕೆ ತಂದೆ. ಇದನ್ನು ಮಾಡಿದವರು ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ, ಬ್ರೇಕಿನ ಕೊಳವೆಯಾಗಲಿ ಕ್ಲಚ್ ತಂತಿಯಾಗಲಿ ಬಿಗಿದುಕೊಳ್ಳುತ್ತದೆಯೇ ಎಂದು ತಪ್ಪದೆ ನೋಡಬೇಕು. ಬೆರಳಿಗೆ ಹತ್ತಿರ ತರಬಹುದಾದ ಲಿವರುಗಳನ್ನೂ ಹಾಕಿಸಿದೆ. ಸಣ್ಣ ಕೈಗೆ ಅವು ಕೊಟ್ಟ ನೆಮ್ಮದಿ ಸೀಟು ಕೊಟ್ಟ ನೆಮ್ಮದಿಗಿಂತ ಕಡಿಮೆಯೇನಲ್ಲ.

ಸರಕಾರದ ಪಾಲೂ ಒಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪುಸ್ತಕದಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿದೆ. ಚೌಕಟ್ಟನ್ನು ಕತ್ತರಿಸಿ ಸೀಟು ಇಳಿಸಿಕೊಡುತ್ತೇವೆ ಎನ್ನುವವರಿದ್ದಾರೆ, ಅವರ ಹತ್ತಿರ ಹೋಗಬೇಡಿ. ಕಾನೂನು ಹಾಗಿರಲಿ, ಘಾಟಿಯಲ್ಲಿ ನಿಮ್ಮ ಜೀವ ನಿಂತಿರುವುದು ಆ ಚೌಕಟ್ಟಿನ ಮೇಲೆ.

ಅಂಗಡಿಯಲ್ಲಿ ಸಿಗದ ಮಿಲಿಮೀಟರುಗಳು ಅಭ್ಯಾಸದಲ್ಲಿದ್ದವು. ನಮ್ಮ ರಸ್ತೆಗಳ ನಡು ಎತ್ತರ, ಅಂಚು ತಗ್ಗು. ಎಡಕ್ಕೆ ನಿಲ್ಲಿಸುವ ನಮಗೆ ಎಡಗಡೆಯ ನೆಲ ಯಾವಾಗಲೂ ಬಲಗಡೆಗಿಂತ ದೂರ. ಸಮತಟ್ಟಿನಲ್ಲಿ ನಿಲ್ಲುವಾಗ ಮುಂದಿನ ಬ್ರೇಕು ಹಿಡಿದು ಬಲಗಾಲನ್ನೇ ಊರುವುದನ್ನು ಕಲಿತೆ. ಏರಿನಲ್ಲಿ ಮಾತ್ರ ಬಲಗಾಲು ಹಿಂದಿನ ಬ್ರೇಕಿನ ಮೇಲಿರಬೇಕು, ಅಲ್ಲಿ ಎಡಗಾಲೇ ಗತಿ. ಆದ್ದರಿಂದ ಏರಿನಲ್ಲಿ ಅಂಚಿಗೆ ಹೋಗುವುದಿಲ್ಲ. ನಿಲ್ಲುವ ಜಾಗವನ್ನು ಹತ್ತು ಮೀಟರ್ ಮೊದಲೇ ಕಣ್ಣಲ್ಲಿ ಆರಿಸುತ್ತೇನೆ. ನಿಲ್ಲುವ ಕ್ಷಣದಲ್ಲಿ ಸೊಂಟವನ್ನು ಅರ್ಧ ಸೀಟಿನಷ್ಟು ಪಕ್ಕಕ್ಕೆ ಜಾರಿಸಿ ಒಂದೇ ಕಾಲಿಗೆ ಪೂರ್ತಿ ಉದ್ದ ಕೊಡುತ್ತೇನೆ. ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿದರೆ ಹಿಂದಕ್ಕೆ ತಳ್ಳಿ ತೆಗೆಯುವುದು ನನ್ನಿಂದಾಗದು. ಆದ್ದರಿಂದ ಹೋಟೆಲ್ ಮುಂದೆ ಬೈಕಿನ ಬಾಲ ಇಳಿಜಾರಿನ ಕೆಳಗಿರುವಂತೆ, ಮೂತಿ ರಸ್ತೆಯ ಕಡೆಗಿರುವಂತೆ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು ಇಳಿಯುತ್ತೇನೆ. ಟ್ಯಾಂಕಿನಲ್ಲಿ 15 ಲೀಟರ್ ಹಿಡಿಸುತ್ತದೆ. ಅದು ಹನ್ನೊಂದು ಕಿಲೋ, ಅದೂ ಎತ್ತರದಲ್ಲಿ. ಅಭ್ಯಾಸ ಮಾಡಿದ ದಿನಗಳಲ್ಲಿ ಐದು ಲೀಟರಿಗಿಂತ ಹೆಚ್ಚು ಹಾಕಿಸುತ್ತಿರಲಿಲ್ಲ. ಸಾಮಾನಿನಲ್ಲಿ ಭಾರದ್ದೆಲ್ಲ ಪಕ್ಕದ ಚೀಲಗಳ ತಳಕ್ಕೆ, ಬಟ್ಟೆ ಮೇಲಕ್ಕೆ. ಹಿಂದೆ ಎತ್ತರದ ಪೆಟ್ಟಿಗೆ ಕಟ್ಟುವುದಿಲ್ಲ. ಕಾಲು ಅದರ ಮೇಲೆ ಹಾಯುವುದಿಲ್ಲ, ಅಷ್ಟೇ ಅಲ್ಲ, ಗಾಳಿಗೆ ಅದೇ ಹಿಡಿಕೆಯಾಗುತ್ತದೆ.

ಡಬಲ್ ಸ್ಟ್ಯಾಂಡಿಗೆ ಈಗ ಒಂದು ಹಲಗೆ ತುಂಡು ಜೊತೆಗಿರುತ್ತದೆ. ಎರಡು ಸೆಂಟಿಮೀಟರ್ ದಪ್ಪದ ಹಲಸಿನ ಹಲಗೆ. ಹಿಂದಿನ ಚಕ್ರವನ್ನು ಅದರ ಮೇಲೆ ಹತ್ತಿಸಿ ಸ್ಟ್ಯಾಂಡು ತುಳಿದರೆ ಬೈಕು ಮಗುವಿನಂತೆ ಎದ್ದು ಕೂರುತ್ತದೆ. ಕೊಟ್ಟಿಗೆಹಾರದಲ್ಲಿ ಇದು ಗೊತ್ತಿದ್ದರೆ ಆ ಮಧ್ಯಾಹ್ನ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.

ಕಳೆದ ವಾರ ನಮ್ಮ ಗ್ರಂಥಾಲಯದ ಸಹಾಯಕಿ ಬಂದಿದ್ದಳು. 149 ಸೆಂಟಿಮೀಟರ್ ಎತ್ತರದ ಹುಡುಗಿ. ಅಣ್ಣ ಬಿಟ್ಟುಹೋದ ಹಳೆಯ ಬೈಕೊಂದು ಮನೆಯಲ್ಲಿದೆ. "ಲಿಂಕ್ ಹಾಕಿಸಿದರೆ ಆಗುತ್ತದಂತೆ ಹೌದಾ ಮೇಡಂ?" ಎಂದು ಕೇಳಿದಳು. ಮೊದಲು ಬೈಕು ತೆಗೆದುಕೊಂಡು ಬಾ ಎಂದೆ. ಭಾನುವಾರ ಬೆಳಗ್ಗೆ ತಂದಳು. ನಿಘಂಟು ತೆಗೆದು ಅವಳ ಕಾಲು ಅಳೆದೆವು, ಅವಳನ್ನು ಕೂರಿಸಿ ಸ್ಪ್ರಿಂಗಿನ ಕುಸಿತ ಅಳೆದೆವು. ಕುಸಿದದ್ದು ಬರೀ 25 ಮಿಲಿಮೀಟರ್. ಉಂಗುರ ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ, ಸೀಮೆಎಣ್ಣೆ ಹಾಕಿ ಬಿಟ್ಟಿದ್ದೇವೆ. ದಾರ ಹಿಡಿದು ನೋಡಿದರೆ ಅವಳ ಕಷ್ಟ ಎತ್ತರದ್ದಕ್ಕಿಂತ ಹೆಚ್ಚಾಗಿ ಅಗಲದ್ದು. ಅವಳ ಅಣ್ಣ ಯಾವಾಗಲೋ ದಪ್ಪನೆಯ ಸೀಟು ಕವರು ಹಾಕಿಸಿದ್ದ, ಅದನ್ನು ತೆಗೆದದ್ದಕ್ಕೇ ದಾರ ಎರಡು ಬೆರಳು ಗಿಡ್ಡವಾಯಿತು. ಶನಿವಾರ ಮಧ್ಯಾಹ್ನ ಭಾಯಿ ಬಿಡುವಾಗಿರುತ್ತಾರಂತೆ. ಸೀಮೆಸುಣ್ಣ ತರಲು ಹೇಳಿದ್ದಾರೆ, ಮೊಮ್ಮಗಳು ಊರಿಗೆ ಹೋಗಿದ್ದಾಳೆ, ಗೆರೆ ನಾನೇ ಎಳೆಯಬೇಕು.